ಕಾಶಿಬಾಯಿಯ ಏಕಾದಶಿ ಆಮಟಿ

ಬೇಡಕಿಹಾಳದ ಕಾಶಿಬಾಯಿಯಂಥ ಉಪವಾಸಗಾರ್ತಿ ಈ ಸೀಮೆಯಲ್ಲೇ ಇಲ್ಲ ಎಂದು ಜನ ಹೇಳುತ್ತಾರೆ. ಹೇಳಲಿ. ನಾನು ಈ ಊರಿನ ಅಂಗನವಾಡಿ ಶಿಕ್ಷಕಿ, ಹದಿನೆಂಟು ವರ್ಷದಿಂದ ಅವಳ ಪಕ್ಕದ ಮನೆಯವಳು. ನಡುವೆ ಇರುವುದು ಒಂದೇ ಗೋಡೆ. ಏಕಾದಶಿಯ ದಿನ ಆ ಅಡುಗೆಮನೆಯಿಂದ ಬರುವ ವಾಸನೆ ಉಳಿದ ದಿನ ಬರುವುದಿಲ್ಲ. ಸಾಬೂದಾಣಿ ಖಿಚಡಿ, ತುಪ್ಪದಲ್ಲಿ ಹುರಿದ ಬಟಾಟಿ, ರಾಜಗಿರಿ ಲಾಡು, ಉಪವಾಸಕ್ಕೆ ನಡೆಯುವ ವರಿ ಎಂಬ ಸಣ್ಣಕಾಳಿನ ಅನ್ನ, ಅದರ ಮೇಲೆ ಸುರಿದುಕೊಳ್ಳಲು ಶೇಂಗಾ ಆಮಟಿ. ಇಷ್ಟನ್ನೂ ಹೊಟ್ಟೆ ಬಿರಿಯುವಂತೆ ಉಂಡು ಮಧ್ಯಾಹ್ನ ಕಟ್ಟೆಗೆ ಬರುತ್ತಾಳೆ. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ನಿನ್ನಿಯಿಂದ ಒಂದ ಜ್ವಾಳದ ಕಾಳ ಮುಟ್ಟಿಲ್ಲವಾ" ಎನ್ನುತ್ತಾಳೆ. ನಿಜ, ಜೋಳವನ್ನು ಮುಟ್ಟಿರುವುದಿಲ್ಲ.

ಆ ಆಮಟಿ ಎಂದರೆ ಅವಳಿಗೆ ಪ್ರಾಣ. ಬಾಗಿಲು ಮುಚ್ಚಿಕೊಂಡು, ಮಡಿಯಲ್ಲಿ, ಸೊಸೆಯನ್ನೂ ಒಳಗೆ ಬಿಡದೆ ಮಾಡುತ್ತಾಳೆ. ಓಣಿಯ ಹೆಂಗಸರು ಬಟ್ಟಲು ಹಿಡಿದು ಬಾಗಿಲಲ್ಲಿ ನಿಲ್ಲಬೇಕು, ಅವಳು ಒಂದೊಂದು ಸೌಟು ದಯಪಾಲಿಸಬೇಕು, ಅವರು ಹೊಗಳಬೇಕು. ಹೊಗಳುವಂಥದ್ದೇನಿದೆ ಅದರಲ್ಲಿ? ಹುರಿದ ಶೇಂಗಾವನ್ನು ಜೀರಿಗೆ, ಹಸಿಮೆಣಸಿನಕಾಯಿಯ ಜೊತೆ ಅರೆದು, ನೀರು ಬೆರೆಸಿ ಕುದಿಸಿ, ಉಪ್ಪು, ಬೆಲ್ಲ, ಹುಳಿಗೆ ಎರಡು ಆಮಸೋಲ ಹಾಕಿದರೆ ಆಯಿತು. ಕಾಲು ಗಂಟೆಯ ಕೆಲಸ. ಇದನ್ನು ನಾನು ಅವಳ ಮುಖಕ್ಕೆ ಎಂದೂ ಹೇಳಲಿಲ್ಲ. ನಾನೂ ಬಟ್ಟಲು ಹಿಡಿದು ನಿಂತವಳೇ, "ನಿಮ್ಮ ಕೈರುಚಿ ಯಾರಿಗೂ ಬರೂದಿಲ್ಲ ಬಿಡ್ರಿ" ಎಂದು ಹಲ್ಲು ಕಿರಿದವಳೇ. ನನ್ನ ಬಗ್ಗೆಯೂ ನನಗೆ ಅಂಥ ಗೌರವವೇನೂ ಉಳಿದಿಲ್ಲ.

ಅವಳ ಸೊಸೆ ಪ್ರಾಜಕ್ತಾ ಗಡಿಯಾಚೆ ಕಾಗಲ ಕಡೆಯ ಹುಡುಗಿ. ಮೆತ್ತಗಿನವಳು. ಅವಳ ಮಗಳು ಸೌಂದರ್ಯಾ ನಮ್ಮ ಅಂಗನವಾಡಿಗೇ ಬರುತ್ತಾಳೆ. ಕಳೆದ ಆಷಾಢದಲ್ಲಿ ತಕ್ಕಡಿಯಲ್ಲಿ ಕೂರಿಸಿದರೆ ಐದು ವರ್ಷದ ಕೂಸು ಹದಿಮೂರು ಕಿಲೊ ಇತ್ತು. ಊಟವೆಂದರೆ ತುಟಿ ಬಿಗಿಹಿಡಿಯುತ್ತಿತ್ತು. ಬೇಳೆ ಬೇಡ, ಪಲ್ಯ ಬೇಡ, ಮೊಟ್ಟೆಯಂತೂ ಕಾಶಿಬಾಯಿಯ ಹೊಸ್ತಿಲು ದಾಟುವಂತಿಲ್ಲ. ಏಕಾದಶಿಯ ದಿನ ಮಾತ್ರ ಅಜ್ಜಿಯ ಆಮಟಿಯನ್ನು ಬಟ್ಟಲಿಗೆ ನಾಲಿಗೆ ಹಚ್ಚಿ ನೆಕ್ಕುತ್ತಿತ್ತು.

"ಹಂಗಾದರ ದಿನಾ ಅದನ್ನ ಮಾಡಿ ಹಾಕವಾ. ಶೇಂಗಾಕ್ಕಿಂತ ಛಲೋ ಏನ ಬೇಕ?" ಎಂದೆ ನಾನು.

"ಮಾಡಾಕ ಬರತೈತ್ರಿ ಅಕ್ಕಾರ. ಅತ್ತಿ ಮಾಡಗೊಡೂದಿಲ್ಲ" ಎಂದಳು ಪ್ರಾಜಕ್ತಾ.

ಕೇಳಿಯೂ ನೋಡಿದ್ದಳಂತೆ. ಕಾಶಿಬಾಯಿ ಹೌಹಾರಿದಳಂತೆ. "ದೇವರ ಆಮಟಿ ಅದು. ಸೋಮವಾರ ಮಂಗಳವಾರ ಅಂತ ರೊಟ್ಟಿಗೆ ಹಚ್ಚಿಕೊಂಡ ತಿಂದರ ಏಕಾದಶಿಗೆ ಏನ ಕಿಮ್ಮತ್ತ ಉಳೀತು?" ಗಂಡ ಸುರಜನನ್ನು ಕೇಳಿದರೆ ಆ ಮಹಾಶಯ ಮೊಬೈಲಿನಿಂದ ತಲೆ ಎತ್ತದೆ "ಅವ್ವ ಹೇಳಿದಂಗ ಮಾಡು" ಎಂದನಂತೆ. ಅವನ ಬಗ್ಗೆ ಇನ್ನು ಒಂದು ಸಾಲನ್ನೂ ನಾನು ಬರೆಯುವುದಿಲ್ಲ.

ದೊಡ್ಡವರಿಗೆ ತೋಚದ ದಾರಿ ಕೂಸಿಗೆ ತೋಚಿತು. ಉಪವಾಸವಿದ್ದ ದಿನ ಆಮಟಿ ಬರುತ್ತದೆ, ಅಷ್ಟು ಅದಕ್ಕೆ ಗೊತ್ತು. ಒಂದು ಸೋಮವಾರ ಬೆಳಿಗ್ಗೆ ರೊಟ್ಟಿಯ ತಾಟು ದೂಡಿ, "ನನಗ ಇವತ್ತ ಉಪವಾಸ ಐತಿ" ಎಂದಿತು.

ಬುದ್ಧಿಯಿರುವ ಅಜ್ಜಿಯಾಗಿದ್ದರೆ ನಕ್ಕು ಎರಡು ಹಿಡಿ ಶೇಂಗಾ ಹುರಿಯುತ್ತಿದ್ದಳು. ಕಾಶಿಬಾಯಿ ಕೂಸಿಗೆ ದೃಷ್ಟಿ ತೆಗೆದಳು. ಹಾಲು, ಬಾಳೆಹಣ್ಣು ಕೊಟ್ಟು, ಹಣೆಗೆ ದೇವರ ಬುಕ್ಕಿಟ್ಟು ಹಚ್ಚಿ, ಕಟ್ಟೆಗೆ ಓಡಿಬಂದಳು. "ಐದ ವರ್ಷದ್ದ, ತಾನಾಗೇ ಉಪವಾಸ ಹಿಡದೈತಿ. ನನ್ನ ರಕ್ತ ಸುಮ್ಮನ ಹೋಗತೈತೇನ?" ಸಂಜೆಯೊಳಗೆ ಅರ್ಧ ಊರಿಗೆ ಸುದ್ದಿ. ಆಮಟಿ ಮಾತ್ರ ಇಲ್ಲ, ಏಕಾದಶಿ ಅಲ್ಲವಲ್ಲ. ಕೂಸು ಕಾದೇ ಕಾದಿತು. ಆಮಟಿ ಬರಲು ಉಪವಾಸ ಇನ್ನೂ ಸಾಲದೇನೋ ಎಂದುಕೊಂಡು ಮಂಗಳವಾರವೂ ಹಿಡಿಯಿತು. ಅವತ್ತು ಅಂಗನವಾಡಿಗೆ ಬಂದು ಬೊಂಬೆಯನ್ನು ಎತ್ತಿಕೊಳ್ಳದೆ ಗೋಡೆಗೊರಗಿ ಕೂತಿತು. ನಾನು ಉಪ್ಪಿಟ್ಟು ಕೊಟ್ಟರೆ ತಲೆ ಅಲ್ಲಾಡಿಸಿ, "ಅಜ್ಜಿ ಸಿಟ್ಟಾಗತಾಳ" ಎಂದಿತು.

ನನಗೆ ಮೈಯೆಲ್ಲ ಉರಿಯಿತು. ಕರೆದುಕೊಂಡು ಹೋಗಿ ಕಾಶಿಬಾಯಿಯ ಎದುರು ನಿಲ್ಲಿಸಿದೆ. "ಹುಡುಗಿ ಸೊರಗೇತ್ರಿ. ಒಂದಿಷ್ಟ ಆಮಟಿ ಮಾಡಿ ರೊಟ್ಟಿ ಉಣಸ್ರಿ."

"ನಡುವ ಉಪವಾಸ ಮುರದರ ಪಾಪ ಯಾರಿಗೆ ಹತ್ತತೈತಿ, ನಿಮಗೇನ?" ಎಂದಳು. ಪಾಪದ ಚಿಂತೆಯಲ್ಲ ಅದು. ಬುಧವಾರ ಮುಂಜಾನೆ ಭಜನೆಯ ಹೆಂಗಸರನ್ನು ಕರೆತಂದು ಉಪವಾಸದ ಕೂಸನ್ನು ತೋರಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದಳು. ಮೊಮ್ಮಗಳ ಬಾಡಿದ ಮುಖವನ್ನೇ ಅವಳು ಪ್ರದರ್ಶನಕ್ಕೆ ಇಡಬೇಕಿತ್ತು.

ಬುಧವಾರ ಅವಳು ಹೆಂಗಸರನ್ನು ಕರೆಯಲು ಹೋದಳು. ನಾನು ಕೂಸನ್ನು ನೋಡಲು ಒಳಗೆ ಹೋದೆ. ಪ್ರಾಜಕ್ತಾ ಹಂಚಿನ ಮೇಲೆ ಶೇಂಗಾ ಹುರಿಯುತ್ತಿದ್ದಳು. ಒಂದು ಕಣ್ಣು ಬಾಗಿಲ ಕಡೆಗಿತ್ತು, ಆದರೂ ಹೊತ್ತಿಸಲಿಲ್ಲ, ಸಣ್ಣ ಉರಿಯಲ್ಲಿ ಕೆಂಪಗೆ ಹುರಿದಳು. ಮೊರಕ್ಕೆ ಹಾಕಿ ಉಜ್ಜಿ ಕೂಸಿನ ಮುಂದೆ ಇಟ್ಟಳು. ಕೂಸು ಕೆನ್ನೆ ಉಬ್ಬಿಸಿ ಉಫ್ ಎಂದು ಊದಿದರೆ ಸಿಪ್ಪೆಯೆಲ್ಲ ನನ್ನ ಸೀರೆಯ ಮೇಲೆ. ಅದು ಮೂರು ದಿನದ ಮೇಲೆ ನಕ್ಕಿತು. ಪ್ರಾಜಕ್ತಾ ಮೆಣಸಿನಕಾಯಿ ಅರ್ಧವೇ ಹಾಕಿದಳು, ಬೆಲ್ಲ ಜಾಸ್ತಿ, ಏಕಾದಶಿಗೆ ನಡೆಯದ ಎರಡು ಎಸಳು ಬೆಳ್ಳುಳ್ಳಿಯನ್ನೂ ಹಾಕಿ ಮಿಕ್ಸರಿನಲ್ಲಿ ನುಣ್ಣಗೆ ತಿರುವಿದಳು. ನೀರು ಕಡಿಮೆ ಹಾಕಿ, ರೊಟ್ಟಿಗೆ ಹತ್ತುವಷ್ಟು ಗಟ್ಟಿಯಾಗಿ ಕುದಿಸಿದಳು. ಕೂಸು ಎರಡನೇ ಅರ್ಧ ರೊಟ್ಟಿಯಲ್ಲಿದ್ದಾಗ ಕಾಶಿಬಾಯಿ ಏಳು ಹೆಂಗಸರನ್ನು ಹಿಂದಿಟ್ಟುಕೊಂಡು ಒಳಬಂದಳು.

ಉಪವಾಸದ ಕೂಸಿನ ಗದ್ದದ ತನಕ ಆಮಟಿ. ಮನೆ ತುಂಬ ಬೆಳ್ಳುಳ್ಳಿಯ ಘಮ. ಈಗ ಈಕೆಯ ಮಾನ ಹೋಯಿತು ಎಂದು ನಾನು ಸಂತೋಷದಿಂದ ಗೋಡೆಗೆ ಒರಗಿ ನಿಂತೆ.

ಕಾಶಿಬಾಯಿ ಒಂದು ಉಸಿರಿನಷ್ಟೂ ತಡೆಯಲಿಲ್ಲ. "ಮೂರ ದಿನ ಆತಲ್ಲ, ಪಾರಣಿ ಮಾಡಸು ಅಂತ ನಾನ ಹೇಳಿದ್ದೆ. ಆಮಟೀನೂ ನಾನ ಕಲಿಸೇನಿ" ಎಂದಳು. ಭಜನೆಯ ಹೆಂಗಸರು "ಹೌದ್ರಿ, ನಿಮ್ಮ ಕೈ ಅಂದ್ರ ಕೈ" ಎಂದು ತಲೆಯಾಡಿಸಿದರು. ಇಂಥ ಹೆಂಗಸಿಗೆ ಇಂಥ ಊರೇ ಸರಿ.

ಪ್ರಾಜಕ್ತಾ ಏನಾದರೂ ಅಂದಾಳು ಎಂದು ಕಾದೆ. ಅವಳು ಮಗಳ ತಾಟನ್ನೇ ನೋಡುತ್ತ ಇನ್ನೊಂದು ಚೂರು ರೊಟ್ಟಿ ಮುರಿದಿಟ್ಟಳು. ಅವಳ ಮೇಲೂ ನನಗೆ ಸಿಟ್ಟು ಬಂತು.

ಕೂಸು ಬಟ್ಟಲನ್ನು ಬೆರಳಿನಿಂದ ಒರೆಸಿ ನೆಕ್ಕಿತು. ಆಮೇಲೆ ಅಷ್ಟು ಜನರ ನಡುವೆ ತಾಯಿಯನ್ನು ಕೇಳಿತು. "ಆಯಿ, ನಾಳಿಗೆ ಉಪವಾಸ ಮಾಡದಿದ್ರೂ ಇದನ್ನ ಕೊಡತೀ?"

ಕಾಶಿಬಾಯಿ ಸೊಸೆಯತ್ತ ಕಣ್ಣು ಬಿಟ್ಟಳು. ಪ್ರಾಜಕ್ತಾ ಆ ಕಡೆ ತಿರುಗಲೂ ಇಲ್ಲ. ಸೆರಗಿನ ತುದಿಯಿಂದ ಮಗಳ ಗದ್ದ ಒರೆಸಿದಳು.

"ದಿನಾ ಕೊಡತೀನಿ. ನೀ ಹಸಗೊಂಡ ಕೂಡಬ್ಯಾಡ" ಎಂದಳು.