ರಸ್ತೆ ಹಂಚಿದ ಕುಕ್ಕಪ್ಪಣ್ಣ

ಬೆಳಗ್ಗೆ ಐದೂವರೆಗೆ ಕಡಬ ಪೇಟೆಯಲ್ಲಿ ಬಿಳಿ ವ್ಯಾನೊಂದರ ಗಾಜು ಒರೆಸುತ್ತಾ, ಹಾಲಿನವನಿಂದ ಹಿಡಿದು ಪೇಪರ್ ಹಾಕುವವನವರೆಗೆ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುವವರು ಒಬ್ಬರು ಕಂಡರೆ, ಅವರೇ ಕುಕ್ಕಪ್ಪಣ್ಣ. ವಯಸ್ಸು ಅರವತ್ತೆರಡು. ಎಡ ಮೊಣಕಾಲಿಗೆ ಮಾತ್ರ ಅದಕ್ಕಿಂತ ಹತ್ತು ವರ್ಷ ಜಾಸ್ತಿ. ಮೂವತ್ತು ವರ್ಷ ಹಳ್ಳಿಗಳಿಗೆ ಜನರನ್ನು ಹತ್ತಿಸಿಕೊಂಡು ಹೋಗುವ ಸರ್ವಿಸ್ ಜೀಪು ಓಡಿಸಿದ್ದರಿಂದ ಯಾವ ಮನೆಯ ಗೇಟು ಒಳಕ್ಕೆ ತೆರೆಯುತ್ತದೆ, ಯಾವುದು ಹೊರಕ್ಕೆ ಎಂಬುದು ಕೂಡ ಅವರಿಗೆ ಬಾಯಿಪಾಠ. ಮಾತು ಸ್ವಲ್ಪ ಜಾಸ್ತಿಯೇ. ಆದರೆ ಆ ಮಾತಿನಿಂದಲೇ ಆರು ಜನರ ಜೀವ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆರು ಜನ ಎಂದರೆ ಮೂತ್ರಪಿಂಡ ಕೆಟ್ಟುಹೋದವರು. ಸೋಮವಾರ ಮತ್ತು ಗುರುವಾರ ಅವರನ್ನು ಪುತ್ತೂರಿಗೆ ಡಯಾಲಿಸಿಸ್‌ಗೆ ಕರೆದೊಯ್ದು, ಮನೆಯ ಅಂಗಳಕ್ಕೆ ವಾಪಸು ತಂದು ಬಿಡುವುದು ಕುಕ್ಕಪ್ಪಣ್ಣನ ಕೆಲಸ. ವ್ಯಾನು 'ಜೊತೆದಾರಿ ಬಳಗ'ದ್ದು. ನಿವೃತ್ತ ಹೆಡ್‌ಮಾಸ್ಟರ್ ಧರ್ಮಪಾಲ ಮಾಷ್ಟ್ರು ಇನ್ನು ಮೂವರನ್ನು ಸೇರಿಸಿಕೊಂಡು ಕಟ್ಟಿದ ಪುಟ್ಟ ಸಂಸ್ಥೆ ಅದು. ಚಿಕಿತ್ಸೆ ಉಚಿತ, ಅಲ್ಲಿಗೆ ತಲುಪುವುದಕ್ಕೆ ಮಾತ್ರ ದುಡ್ಡು ಬೇಕು. ಬಸ್ಸು ಹಿಡಿದು ಹೋಗುವಷ್ಟು ಶಕ್ತಿ ಕೆಲವರಲ್ಲಿ ಇರುತ್ತದೆ. ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ಎದ್ದ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಯಾರಲ್ಲೂ ಇರುವುದಿಲ್ಲ.

ಮೊದಲ ವರ್ಷ ಬಳಗದವರು ಎಲ್ಲರೂ ಮಾಡುವುದನ್ನೇ ಮಾಡಿದರು. ರಶೀದಿ ಪುಸ್ತಕ ಹಿಡಿದು ಮನೆ ಮನೆ ಹತ್ತಿದರು. ಮುಲಾಜಿಗೆ ಬಿದ್ದು ಜನ ಒಮ್ಮೆ ಕೊಟ್ಟರು. ಎರಡನೆಯ ಸಲ ಹೋದಾಗ "ಯಜಮಾನರು ಇಲ್ಲ" ಎಂಬ ಮಾತು ಒಳಗಿನಿಂದ ಬಂತು, ಅದೂ ಯಜಮಾನರ ಸ್ವರದಲ್ಲೇ. ಮಾಷ್ಟ್ರ ಮುಖ ಸಣ್ಣದಾಯಿತು. ಜನ ಕೆಟ್ಟವರಲ್ಲ, ಕೊಟ್ಟ ದುಡ್ಡು ಆ ಪುಸ್ತಕದ ಒಳಗೆ ಹೋದ ಮೇಲೆ ಅದರ ಸುದ್ದಿಯೇ ಅವರಿಗೆ ಬಂದಿರಲಿಲ್ಲ.

ದಾರಿ ತೋರಿಸಿದವರು ಆಲಂಕಾರಿನ ಪಂಕಜಾಕ್ಷಿ. ಪೇಟೆಯ ಬದಿಯಲ್ಲಿ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುವವರು, ಒಬ್ಬರೇ ಇರುವವರು. ನೂರು ರೂಪಾಯಿ ಕೊಟ್ಟಿದ್ದರು. ತಿಂಗಳ ನಂತರ ವ್ಯಾನು ನಿಲ್ಲಿಸಿ ಗುಂಡಿ ಹಾಕಿಸಲು ಹೋದ ಕುಕ್ಕಪ್ಪಣ್ಣನ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಕುಕ್ಕಪ್ಪಣ್ಣ, ನನ್ನ ನೂರು ರೂಪಾಯಿ ಎಲ್ಲಿಗೆ ಹೋಯ್ತು?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಆದರೂ ಕುಕ್ಕಪ್ಪಣ್ಣ ತಬ್ಬಿಬ್ಬಾದರು. ಮಾಷ್ಟ್ರಾಗಿದ್ದರೆ ವಾರ್ಷಿಕ ವರದಿ ನೋಡಿ ಎನ್ನುತ್ತಿದ್ದರು. ಇವರು ಡ್ರೈವರ್, ಇವರಿಗೆ ದುಡ್ಡು ಎಂದರೆ ಡೀಸೆಲ್, ಡೀಸೆಲ್ ಎಂದರೆ ದಾರಿ. ತಲೆ ಕೆರೆದು ಹೇಳಿದರು:

"ನಿಮ್ಮ ನೂರು ರೂಪಾಯಿ ಇಲ್ಲಿಂದ ಶಾಂತಿಮೊಗರು ಸೇತುವೆವರೆಗೆ ಮೂರು ಸಲ ಹೋಗಿದೆ ಪಂಕಜಕ್ಕ. ನಮ್ಮ ಡಯಾಲಿಸಿಸ್‌ನ ಪೂವಮ್ಮಕ್ಕ ಎದುರಿನ ಸೀಟಲ್ಲಿ ಕೂತಿದ್ರು."

ಪಂಕಜಾಕ್ಷಿ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನಕ್ಕರು. ಆ ನಗು ನಿಲ್ಲುವ ಮೊದಲೇ ಮುಂದಿನ ತಿಂಗಳ ದುಡ್ಡು ಯಂತ್ರದ ಡ್ರಾಯರಿನಲ್ಲಿ ಮಡಚಿ ಕೂತಿತ್ತು ಎನ್ನಬೇಕು. ಕುಕ್ಕಪ್ಪಣ್ಣ ಮತ್ತೆ ಹೋದಾಗ "ನನ್ನ ಸೇತುವೆಯದ್ದು ರೆಡಿ ಉಂಟು" ಎಂದರು.

ಅಲ್ಲಿಂದ ರಸ್ತೆ ಹಂಚಿಕೆ ಶುರುವಾಯಿತು, ಒಂದೊಂದು ತುಂಡಿನ ಡೀಸೆಲ್ ಒಬ್ಬೊಬ್ಬರದ್ದು. ಸೇತುವೆಯಿಂದ ಕುದ್ಮಾರಿನವರೆಗೆ ರಬ್ಬರ್ ಮರದ ಹಾಲು ತೆಗೆಯುವ ಒಬ್ಬ ಟ್ಯಾಪರ್. ಸವಣೂರಿನಿಂದ ಮುಂದಕ್ಕೆ ಅಲ್ಲಿ ಚಪ್ಪಲಿ ಅಂಗಡಿ ಇಟ್ಟ ಹುಡುಗಿ ಆಫ್ರಾ. ನರಿಮೊಗರಿನ ಇಳಿಜಾರು ಒಂದು ಸ್ವಸಹಾಯ ಗುಂಪಿನದ್ದು. ಒಂದೂವರೆ ವರ್ಷದಲ್ಲಿ ಕಡಬದಿಂದ ಪುತ್ತೂರಿನವರೆಗೆ ಯಾರದ್ದೂ ಅಲ್ಲದ ಒಂದು ತಿರುವು ಕೂಡ ಉಳಿಯಲಿಲ್ಲ.

ಕುಕ್ಕಪ್ಪಣ್ಣನಿಗೆ ಬೇರೆ ಕೆಲವು ಹಟಗಳೂ ಇದ್ದವು. ರಶೀದಿ ಪುಸ್ತಕ ಹಿಡಿದು ಒಂದು ಸಲ ಹೋಗಬೇಕಾದರೆ, ಅದಿಲ್ಲದೆ ಮೂರು ಸಲ ಹೋಗಿರಬೇಕು. ಕೊಡಲಾಗದ ತಿಂಗಳು ಆ ಮನೆಯನ್ನು ತಪ್ಪಿಸಿ ಹೋಗಬಾರದು. ತಪ್ಪಿಸಿದರೆ ದುಡ್ಡಿಗಾಗಿ ಮಾತ್ರ ಬರುತ್ತಿದ್ದ ಅಂತಾಗುತ್ತದೆ. ಕೊಟ್ಟ ಬೆಲ್ಲ–ನೀರು ಮುಗಿಸಿಯೇ ಏಳಬೇಕು. ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರ ಕಳಿಸಿ ಧನ್ಯವಾದ ಹೇಳಬೇಕು ಎಂದು ಬಳಗದಲ್ಲಿ ಯಾರೋ ಸೂಚಿಸಿದಾಗ ಅವರು ಇಡೀ ದಿನ ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ಕಠಿಣ ಉಪವಾಸ.

ಒಂದು ವಿಚಿತ್ರ ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ. ಎಲ್ಲರೂ ವಹಿಸಿಕೊಂಡದ್ದು ಹೋಗುವ ದಾರಿಯನ್ನು. ಆಸ್ಪತ್ರೆಗೆ ಮುಟ್ಟಿಸಿದೆವು ಎಂದರೆ ಮನಸ್ಸಿಗೆ ಸಮಾಧಾನವಲ್ಲವೇ? ವಾಪಸು ಬರುವ ಡೀಸೆಲ್ಲನ್ನು ಬಳಗದವರು ಹೇಗೋ ಹೊಂದಿಸುತ್ತಿದ್ದರು. ಹೆಚ್ಚಿನ ಸಲ ಅದು ಮಾಷ್ಟ್ರ ಪೆನ್ಷನ್ನಿನಿಂದಲೇ ಹೋಗುತ್ತಿತ್ತು. ಅವರು ಅದನ್ನು ಮನೆಯಲ್ಲೂ ಹೇಳಿರಲಿಲ್ಲ.

ಹೀಗಿರುವಾಗ ಪುತ್ತೂರಿನ ಸರ್ವೋತ್ತಮಣ್ಣ ಬಂದರು. ಹಾರ್ಡ್‌ವೇರ್ ವ್ಯಾಪಾರಿ, ಮೂರು ಅಂಗಡಿಗಳಿವೆ, ಒಳ್ಳೆಯ ಮನುಷ್ಯ. ವರ್ಷದ ಪೂರ್ತಿ ಡೀಸೆಲ್ ಅವರದ್ದು, ಹೋಗಲಿಕ್ಕೂ ಬರಲಿಕ್ಕೂ. ವ್ಯಾನಿಗೆ ಹೊಸ ಬಣ್ಣವೂ ಅವರದ್ದೇ. ತೀರಿಹೋದ ತಮ್ಮ ಅಮ್ಮ ದೇಜಮ್ಮನ ಹೆಸರನ್ನು ಎರಡೂ ಬದಿಯಲ್ಲಿ ಬರೆಯಿಸಿದರೆ ಸಾಕು ಎಂದರು. ಮಾಷ್ಟ್ರಿಗೆ ಆಕಾಶ ಕೈಗೆ ಸಿಕ್ಕಷ್ಟು ಖುಷಿ.

"ಇನ್ನು ನೀವು ಈ ಕಾಲು ಎಳ್ಕೊಂಡು ಮನೆ ಮನೆ ಹೋಗುದು ಬೇಡ ಮಾರಾಯ್ರೆ," ಎಂದರು. "ಎಲ್ಲರಿಗೂ ಹೇಳಿ ಬನ್ನಿ, ಉಪಕಾರ ಆಯ್ತು, ಇನ್ನು ಸಾಕು ಅಂತ."

ಕುಕ್ಕಪ್ಪಣ್ಣನಿಗೂ ಖುಷಿಯಾಯಿತು, ಸುಳ್ಳು ಯಾಕೆ. ಮೊಣಕಾಲಿಗಂತೂ ಹಬ್ಬ. ಆ ಖುಷಿಯಲ್ಲೇ ಅವರು ಮೊದಲು ಪಂಕಜಾಕ್ಷಿಯ ಅಂಗಡಿಗೆ ಹೋದರು. ಅವರನ್ನು ಕಂಡದ್ದೇ ಪಂಕಜಾಕ್ಷಿ ಡ್ರಾಯರ್ ಎಳೆದು ದುಡ್ಡು ಹೊರಗೆ ತೆಗೆದಿದ್ದರು. ಕುಕ್ಕಪ್ಪಣ್ಣ ಸುದ್ದಿ ಹೇಳಿದರು.

"ಒಳ್ಳೆದಾಯ್ತು," ಎಂದರು ಪಂಕಜಾಕ್ಷಿ. ಮತ್ತೆ ಕೇಳಿದರು, "ಹಾಗಾದ್ರೆ ಸೇತುವೆ ಈಗ ಅವರದ್ದಾ?"

ಪಂಕಜಾಕ್ಷಿ ದುಡ್ಡನ್ನು ಅದೇ ಮಡಿಕೆಯಲ್ಲಿ ಡ್ರಾಯರಿಗೆ ಹಾಕಿ ಮುಚ್ಚಿದರು. ಯಂತ್ರದ ಪೆಡಲ್ ತುಳಿಯತೊಡಗಿದರು. ಕೂರಿ ಎಂದು ಅವತ್ತು ಹೇಳಲಿಲ್ಲ.

ಉಳಿದ ಮನೆಗಳಿಗೆ ಹೋಗಲು ಕುಕ್ಕಪ್ಪಣ್ಣನಿಂದ ಆಗಲಿಲ್ಲ. ವ್ಯಾನಿನಲ್ಲಿ ಕೂತು ಹಳೆಯದೊಂದನ್ನು ನೆನೆದರು. ಸರ್ವಿಸ್ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ಹದಿನೈದು ದಿನ ಯಾವುದೋ ಕಂಪನಿಯ ಬಾಡಿಗೆಗೆ ಜೀಪು ಕೊಟ್ಟಿದ್ದರು. ಕೈತುಂಬ ಸಿಕ್ಕಿತ್ತು. ಬಾಡಿಗೆ ಮುಗಿಸಿ ತಮ್ಮ ರೂಟಿಗೆ ಬಂದರೆ ದಿನಾ ಹತ್ತುತ್ತಿದ್ದವರೆಲ್ಲ ಇನ್ನೊಂದು ಜೀಪಿನಲ್ಲಿ ಕೂತಿದ್ದರು. ಯಾರೂ ಬೈಯಲಿಲ್ಲ, ಮುಖ ಮಾತ್ರ ಆಚೆ ತಿರುಗಿಸಿದರು. ಅವರನ್ನು ಮತ್ತೆ ಹತ್ತಿಸಿಕೊಳ್ಳಲು ಕುಕ್ಕಪ್ಪಣ್ಣನಿಗೆ ಎಂಟು ತಿಂಗಳು ಹಿಡಿದಿತ್ತು. ನಾಳೆ ಸರ್ವೋತ್ತಮಣ್ಣನ ವ್ಯಾಪಾರ ಬಿದ್ದರೆ, ಮನಸ್ಸು ಬೇರೆ ಕಡೆಗೆ ಹೋದರೆ? ಡಯಾಲಿಸಿಸ್ ಎಂಟು ತಿಂಗಳು ಕಾಯುವುದಿಲ್ಲ. ಎಂಟು ದಿನ ಕೂಡ ಕಾಯುವುದಿಲ್ಲ.

ಮಾಷ್ಟ್ರಿಗೆ ಹೇಳಿದರು. ಮಾಷ್ಟ್ರು ಕನ್ನಡಕ ತೆಗೆದರು.

"ಎಂತ ಹೇಳುದು ನೀವು? ಮನೆಗೆ ಬಂದು ಕೊಡುವವರನ್ನು ಬೇಡ ಅನ್ನುದಾ?"

"ಬೇಡ ಅನ್ನುದಲ್ಲ ಮಾಷ್ಟ್ರೆ. ಬಣ್ಣ ಹೊಡೆಯುವ ಮೊದಲು ಒಂದು ಗುರುವಾರ ಅವರು ನಮ್ಮೊಟ್ಟಿಗೆ ಬರ್ಲಿ. ಅಷ್ಟೇ. ನಾನು ಬಾಯಿ ಬಿಡುದಿಲ್ಲ."

ಕೊನೆಯ ಮಾತನ್ನು ಮಾಷ್ಟ್ರು ನಂಬಲಿಲ್ಲ. ಆದರೂ ಫೋನು ಮಾಡಿದರು.

ಸರ್ವೋತ್ತಮಣ್ಣ ಬೆಳಗ್ಗೆ ಕಡಬಕ್ಕೇ ಬಂದು ಹಿಂದಿನ ಸೀಟಿನಲ್ಲಿ ಕೂತರು. ಮುಂದಿನ ಸೀಟಿನಲ್ಲಿ ಪೂವಮ್ಮ, ಎಪ್ಪತ್ತು ದಾಟಿದ, ಒಣ ಕಡ್ಡಿಯಂಥ ಅಜ್ಜಿ. ಸರ್ವೋತ್ತಮಣ್ಣನ ಪಕ್ಕದಲ್ಲಿ ವಯರಿಂಗ್ ಕೆಲಸದ ಲತೀಶ್, ಇನ್ನೂ ಮೂವತ್ತನಾಲ್ಕು. ಕುಕ್ಕಪ್ಪಣ್ಣ ಕೊಟ್ಟ ಮಾತಿನಂತೆ ತುಟಿ ಒತ್ತಿ ಹಿಡಿದು ಓಡಿಸಿದರು. ಅದನ್ನು ನೋಡಿದ ಪೂವಮ್ಮ "ಎಂತ ಕುಕ್ಕಪ್ಪ, ಹಲ್ಲುನೋವಾ?" ಎಂದು ಕೇಳಿದರು.

ಆಲಂಕಾರಿನಲ್ಲಿ ಇನ್ನೂ ಬಾಗಿಲು ತೆರೆಯದ ಹೊಲಿಗೆ ಅಂಗಡಿ ಕಂಡದ್ದೇ ಪೂವಮ್ಮ ಎಂದಿನಂತೆ ಅಂದರು, "ಇಲ್ಲಿಂದ ಪಂಕಜಂದು."

"ಎಂತದ್ದು?" ಎಂದು ಸರ್ವೋತ್ತಮಣ್ಣ ಲತೀಶನನ್ನು ಕೇಳಿದರು.

ಲತೀಶ್ ರಸ್ತೆ ಹಂಚಿದ ಕಥೆ ಹೇಳಿದ. ಸೇತುವೆ ದಾಟಿದ ಮೇಲೆ ಟ್ಯಾಪರನದ್ದು ಬಂತು. ಸವಣೂರಿನಲ್ಲಿ ಆಫ್ರಾ ಅರ್ಧ ಎತ್ತಿದ ಶಟರಿನ ಕೆಳಗಿಂದ ಬಗ್ಗಿ ಬಂದು ಕೈಬೀಸಿದಳು. ಆರೂ ಜನ ಕೈಬೀಸಿದರು. ಇಳಿಜಾರು ಬಂದಾಗ ಗುಂಪಿನ ಹೆಂಗಸರ ಹೆಸರನ್ನೆಲ್ಲ ಪೂವಮ್ಮ ಒಂದೊಂದಾಗಿ ಹೇಳಿದರು. ಕಷ್ಟದ ದಿನಗಳಲ್ಲಿ ಅವರು ಆ ಹೆಸರುಗಳನ್ನು ಹಿಡಿದೇ ಪುತ್ತೂರು ಮುಟ್ಟುತ್ತಿದ್ದುದು.

ಪುತ್ತೂರು ಹತ್ತಿರ ಬಂದಾಗ ಸರ್ವೋತ್ತಮಣ್ಣ ಕೇಳಿದರು, "ಕುಕ್ಕಪ್ಪಣ್ಣ, ಇದರಲ್ಲಿ ನನಗೆ ಅಂತ ಎಲ್ಲಿ ಉಂಟು ಜಾಗ?"

ಕುಕ್ಕಪ್ಪಣ್ಣನಿಗೆ ಇಲ್ಲ ಎನ್ನುವ ಹಾಗಿಲ್ಲ, ಉಂಟು ಎನ್ನಲು ತುಂಡು ಉಳಿದಿಲ್ಲ. ಉತ್ತರ ಕೊಟ್ಟದ್ದು ಪೂವಮ್ಮ.

"ಬರುವ ದಾರಿ ಉಂಟಲ್ಲ? ಅದನ್ನು ಯಾರೂ ತಕ್ಕೊಳ್ಳಲೇ ಇಲ್ಲ. ಎಲ್ಲ ನಮ್ಮನ್ನು ಕಳಿಸುವವರೇ."

ಕುಕ್ಕಪ್ಪಣ್ಣ ಬ್ರೇಕ್ ಒತ್ತಿಬಿಟ್ಟರು. ಇಷ್ಟು ವರ್ಷ ರಸ್ತೆಯಲ್ಲೇ ಬದುಕಿದವರಿಗೆ ಇದು ಹೊಳೆದೇ ಇರಲಿಲ್ಲ.

"ನಾನು ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋದದ್ದು ಮಾತ್ರ," ಎಂದರು ಸರ್ವೋತ್ತಮಣ್ಣ, ಯಾರಿಗೆಂದಲ್ಲ. "ಕರ್ಕೊಂಡು ಬರ್ಲಿಕ್ಕೆ ಆಗ್ಲಿಲ್ಲ."

ಅವರು ಅವತ್ತು ಅಂಗಡಿಗೆ ಹೋಗಲಿಲ್ಲ. ನಾಲ್ಕು ಗಂಟೆ ಹೊರಗಿನ ಬೆಂಚಿನಲ್ಲಿ ಕಾದು ಅದೇ ವ್ಯಾನಿನಲ್ಲಿ ವಾಪಸು ಬಂದರು. ಬರುವಾಗ ಲತೀಶ್ ನಿದ್ದೆಯಲ್ಲಿ ಅವರ ಹೆಗಲಿಗೆ ಒರಗಿದ, ಅವರು ಅಲುಗಾಡದೆ ಕೂತರು. ಪೂವಮ್ಮನನ್ನು ಇಳಿಸುವಾಗ ತೋಳು ಹಿಡಿದು ಜಗಲಿಯವರೆಗೆ ನಡೆಸಿಕೊಂಡು ಹೋದರು.

ಪೂವಮ್ಮ ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದ ಅಜ್ಜಿ ಅವರು, ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗುಳುವವರು. ಚೊಂಬು ತುಳುಕುವಷ್ಟು ತುಂಬಿತ್ತು.

"ನಿಮ್ಮ ದಾರಿ ಇಲ್ಲಿಗೆ ಮುಗಿಯಿತು," ಎಂದರು. "ಕೂತ್ಕೊಂಡು ಕುಡೀರಿ."

ಸರ್ವೋತ್ತಮಣ್ಣ ಕೂತು ಕುಡಿದರು, ಒಂದು ಹನಿ ಬಿಡದೆ. ವ್ಯಾನಿನ ಬಣ್ಣದ ಮಾತು ಅವರೂ ಎತ್ತಲಿಲ್ಲ, ಮಾಷ್ಟ್ರೂ ಎತ್ತಲಿಲ್ಲ. ಆದರೆ ಮುಂದಿನ ಸೋಮವಾರ ಪುತ್ತೂರಿನಿಂದ ಹೊರಡುವಾಗ ಪೂವಮ್ಮ ಸೀಟಿಗೆ ತಲೆ ಒರಗಿಸಿ, "ಇನ್ನು ದೇಜಮ್ಮಂದು" ಎಂದರು. ಉಳಿದವರು ಹೂಂಗುಟ್ಟಿದರು. ಅಲ್ಲಿಗೆ ಅದು ಸ್ಥಿರವಾಯಿತು.

ಆ ವಾರವೇ ಕುಕ್ಕಪ್ಪಣ್ಣ ಹೊಲಿಗೆ ಅಂಗಡಿಯ ಎದುರು ವ್ಯಾನು ನಿಲ್ಲಿಸಿದರು. ರಶೀದಿ ಪುಸ್ತಕವನ್ನು ಸೀಟಿನಲ್ಲೇ ಬಿಟ್ಟು ಇಳಿದರು. ಒಳಗೆ ಹೋಗಲು ಧೈರ್ಯ ಸಾಲದೆ ಬಾಗಿಲಲ್ಲೇ ನಿಂತರು.

"ಪಂಕಜಕ್ಕ, ತಪ್ಪಾಯ್ತು. ಸೇತುವೆ ನಿಮ್ಮದೇ. ಅವರಿಗೆ ಬರುವ ದಾರಿ ಸಿಕ್ಕಿತು."

ಪಂಕಜಾಕ್ಷಿ ಹೊಲಿಗೆ ನಿಲ್ಲಿಸಲಿಲ್ಲ. ಸಾಲು ಪೂರ್ತಿ ಮುಗಿಸಿ, ನೂಲು ಕತ್ತರಿಸಿ, ಆಮೇಲೆ ಡ್ರಾಯರ್ ಎಳೆದರು. ಅಲ್ಲಿ ದುಡ್ಡಿನ ಒಂದು ಮಡಿಕೆಯ ಪಕ್ಕ ಇನ್ನೊಂದು ಮಡಿಕೆ ಇತ್ತು.

"ಹೋದ ತಿಂಗಳದ್ದೂ ಉಂಟು," ಎಂದರು. "ಸೇತುವೆಗೆ ಅಂತ ತೆಗೆದಿಟ್ಟದ್ದು. ಬೇರೆ ಯಾವುದಕ್ಕೂ ಖರ್ಚು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಕೂರಿ."

ಕುಕ್ಕಪ್ಪಣ್ಣ ಕೂತರು.