ಸಮುದ್ರದ ನೌಕರಿ

ನನ್ನನ್ನು ನೋಡಲು ರಾಯಬಾಗದಿಂದ ಗಂಡಿನವರು ಬಂದಿದ್ದರು. ಅಥಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ ಹುಡುಗನ ಕಾಕಾ ಕೇಳಿದರು: “ಏನ್ ನೌಕರಿ ಮಾಡ್ತಿ ತಂಗಿ?”

“ಮಹಾಸಾಗರದ ದೊಡ್ಡ ಪ್ರವಾಹಗಳ ವೇಗ ಕಡಿಮಿ ಆಗೇತೋ ಇಲ್ಲೋ ನೋಡ್ತೇನ್ರಿ.”

“ಆಗೇತೇನು?”

“ಈಗ ಹೇಳಾಕ ಬರೂದಿಲ್ರಿ. ಹರಿವು ವರ್ಷಾ ವರ್ಷಾ ಹೆಚ್ಚುಕಮ್ಮಿ ಆಗ್ತಿರ್ತೈತಿ. ಖರೇ ಬದಲಾಗೇತಿ ಅನ್ನಾಕ ಇನ್ನೂ ಇಪ್ಪತ್ತು ಮೂವತ್ತು ವರ್ಷ ಅಳೀಬೇಕ್ರಿ.”

ಕಾಕಾ ತಟ್ಟೆ ಕೆಳಗಿಟ್ಟು ತಮ್ಮವರ ಕಡೆ ತಿರುಗಿದರು. “ನೌಕರಿ ಪರ್ಮನೆಂಟ್ ಐತಿ.”

ಎಲ್ಲರೂ ತಲೆಯಾಡಿಸಿದರು. ಹುಡುಗನೂ ಆಡಿಸಿದ. ನಾನು ಒಳಗಿನಿಂದ ಚಹಾ ತರುವಷ್ಟರಲ್ಲಿ ಮುಹೂರ್ತದ ಮಾತು ನಡೆದಿತ್ತು.

ಸಮುದ್ರವನ್ನು ಅಳೆಯುವುದು ಇನ್ನೂ ಮೂವತ್ತು ವರ್ಷ ಬಾಕಿಯಿತ್ತು. ನನ್ನದು ಗುತ್ತಿಗೆ ನೌಕರಿ, ಮಾರ್ಚಿಗೆ ಮುಗಿಯುತ್ತಿತ್ತು.