ಉಂಗುರದ ಹಳದಿ ಪುಡಿ

ನೆರೆಮನೆಯ ಅಕ್ಕ ಟೊಮೆಟೊಗೆ ವಿಷ ಸವರುತ್ತಿದ್ದಳೆಂದು ಕುಪ್ಪೇಲೂರಿನಲ್ಲಿ ಈಗಲೂ ಹೇಳುತ್ತಾರೆ. ಸಾಕ್ಷಿ ಏನು? ಆಕೆ ಹೂವಿಗೆ ಹಳದಿ ಪುಡಿ ಮುಟ್ಟಿಸುವುದನ್ನು ಯಾರೋ ತೆಗೆದ ವಿಡಿಯೊ, ಅದರಡಿ 'ವಿಷ' ಎಂದು ಮತ್ಯಾರೋ ಬರೆದ ಒಂದು ಸಾಲು. ಬೀಜಕ್ಕೆಂದು ಟೊಮೆಟೊ ಬೆಳೆಯುವ ಹೊಲದಲ್ಲಿ ಒಂದು ತಳಿಯ ಹೂವಿನ ಪರಾಗದ ಹಳದಿ ಪುಡಿಯನ್ನು ಬೆರಳಿನ ಉಂಗುರದಲ್ಲಿ ತುಂಬಿಕೊಂಡು ಇನ್ನೊಂದು ತಳಿಯ ಹೂವಿಗೆ ಮುಟ್ಟಿಸುವುದು ಆಕೆಯ ಕೂಲಿ ಕೆಲಸ. "ಮೆತ್ತಗ ಹಿಡೀರವಾ, ಹೂವಿಗೆ ನೋಯ್ತದ" ಎಂದು ಜೊತೆಯವರನ್ನು ದಿನವೂ ಗದರುತ್ತಿದ್ದಳು.

ವಿಡಿಯೊ ಹರಡಿದ ವಾರದಲ್ಲೇ ಹೊಲದ ಮಾಲೀಕ ಆಕೆಯನ್ನು ಕೆಲಸದಿಂದ ಬಿಡಿಸಿದ. "ಖರೇ ಏನಂತ ನನಗ ಗೊತ್ತೈತವಾ. ಆದ್ರ ಮಂದಿ ನಂಬಬೇಕಲ್ಲ" ಎಂದ. ಆಕೆ ಉಂಗುರ ಕಳಚಿ ಕೊಟ್ಟು ಬಂದಳು. ಆಮೇಲೆ ಬೇರೆ ಹೊಲದವರೂ ಕರೆಯಲಿಲ್ಲ.

ಆ ವಿಡಿಯೊವನ್ನು ಊರಿನ ಗ್ರೂಪಿಗೆ ಮೊದಲು ಕಳಿಸಿದವರು ನಮ್ಮ ಕಾಕಾ. ನಾನು ಕೇಳಿದೆ: "ಕಾಕಾ, ಆಕಿ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ ಐತಿ. ಕಳಸೂಕಿಂತ ಮೊದಲ ಇದೇನವಾ ಅಂತ ಆಕಿನ್ನ ಯಾಕ ಕೇಳಲಿಲ್ರಿ?"